ಅಮೆರಿಕದ ಕಾಲೇಜಲ್ಲಿ ಆಡೋ ಮಕ್ಕಳಿಗೆ ಯಾವ ಕೋರ್ಸ್, ಎಷ್ಟು ಕ್ರೆಡಿಟ್, ಯಾವಾಗ: ಪದೇ ಪದೇ ಕೇಳೋ ಪ್ರಶ್ನೆಗಳು

ಅಮೆರಿಕದ ಕಾಲೇಜುಗಳಲ್ಲಿ ಆಡೋ ವಿದ್ಯಾರ್ಥಿಗಳಿಗೆ ಕೋರ್ಸ್ ಪ್ಲಾನ್ ಮಾಡಿಕೊಡೋ ಕೆಲಸದಲ್ಲಿದೀನಿ. ಕನ್ನಡದ ಅಪ್ಪ ಅಮ್ಮಂದಿರು ಮತ್ತೆ ಮಕ್ಕಳು ಫೋನಲ್ಲಿ, ಮೆಸೇಜಲ್ಲಿ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ, ಅದಕ್ಕೇ ಒಂದೇ ಕಡೆ ಬರೆದಿಡ್ತಿದೀನಿ. ಎಲ್ಲರೂ ಜಿಪಿಎ (ಗ್ರೇಡ್‌ಗಳ ಸರಾಸರಿ) ಬಗ್ಗೆ ತಲೆ ಕೆಡಿಸ್ಕೊಂಡಿರ್ತಾರೆ, ಆದ್ರೆ ಚೆನ್ನಾಗಿ ಓದೋ ಮಕ್ಕಳು ಆಟದಿಂದ ಹೊರಗೆ ಕೂರೋದು ಜಿಪಿಎಯಿಂದ ಅಲ್ಲ, ತಪ್ಪು ಕೋರ್ಸನ್ನ ತಪ್ಪು ಹೊತ್ತಲ್ಲಿ ತಗೊಂಡಿದ್ದರಿಂದ. ಇದನ್ನ ಮನಸ್ಸಲ್ಲಿಟ್ಕೊಂಡು ಮುಂದೆ ಓದಿ.

ಈ ನಿಯಮಗಳನ್ನ ಮಾಡೋದು ಯಾರು? ಎಲ್ಲ ಕಾಲೇಜಿಗೂ ಒಂದೇನಾ?

ಒಂದೇ ಅಲ್ಲ. ದೊಡ್ಡ ಸಂಸ್ಥೆ ಎನ್‌ಸಿಎಎ, ಅದರೊಳಗೆ ಡಿವಿಷನ್ 1, 2, 3 ಅಂತ ಮೂರು ಇದೆ, ಮೂರಕ್ಕೂ ನಿಯಮ ಬೇರೆ ಬೇರೆ. ಸಣ್ಣ ಕಾಲೇಜುಗಳು ಎಷ್ಟೋ ಎನ್‌ಎಐಎ ಅನ್ನೋ ಬೇರೆ ಸಂಸ್ಥೆಯಲ್ಲಿವೆ, ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲಿ ತುಂಬಾ ಎನ್‌ಜೆಸಿಎಎ ಕೆಳಗೆ ಬರ್ತವೆ, ಅವರದ್ದು ಅವರದೇ ನಿಯಮ. ಇದರ ಮೇಲೆ ಕಾನ್ಫರೆನ್ಸ್‌ನವರು (ಒಟ್ಟಿಗೆ ಆಡೋ ಕಾಲೇಜುಗಳ ಗುಂಪು) ಒಂದಿಷ್ಟು ಸೇರಿಸ್ಬಹುದು, ಕಾಲೇಜಿನವರು ಇನ್ನೊಂದಿಷ್ಟು ಸೇರಿಸ್ಬಹುದು. ಎನ್‌ಸಿಎಎ ಹೇಳೋದು ಕನಿಷ್ಠ ಮಾತ್ರ, ಕಾಲೇಜು ಅದಕ್ಕಿಂತ ಜಾಸ್ತಿ ಕೇಳಿದ್ರೆ ಅದನ್ನೇ ಪಾಲಿಸ್ಬೇಕು. ಇಲ್ಲಿ ನಾನು ಹೆಚ್ಚಾಗಿ ಡಿವಿಷನ್ 1 ಬಗ್ಗೆ ಬರೀತೀನಿ, ಯಾಕಂದ್ರೆ ಗೋಜಲು ಜಾಸ್ತಿ ಇರೋದು ಅಲ್ಲೇ.

ಹೈಸ್ಕೂಲಲ್ಲಿ ಯಾವ ಯಾವ ಕೋರ್ಸ್ ಆಗಿರ್ಬೇಕು?

ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್ ಬೇಕು, ಇಲ್ಲಿ ಒಂದು ಅಂದ್ರೆ ಒಂದು ವರ್ಷದ ಪಾಠ. ಇಂಗ್ಲಿಷ್ 4, ಗಣಿತ 3 (ಆಲ್ಜಿಬ್ರಾ 1 ಅಥವಾ ಅದಕ್ಕಿಂತ ಮೇಲಿಂದು), ವಿಜ್ಞಾನ 2 (ಶಾಲೆಯಲ್ಲಿ ಲ್ಯಾಬ್ ಇದ್ರೆ ಒಂದು ವರ್ಷ ಲ್ಯಾಬ್ ಇರೋದೇ ಆಗ್ಬೇಕು), ಸಮಾಜ ವಿಜ್ಞಾನ 2, ಇಂಗ್ಲಿಷ್ ಗಣಿತ ವಿಜ್ಞಾನ ಮೂರರಲ್ಲಿ ಯಾವುದಾದ್ರೂ ಇನ್ನೊಂದು 1, ಉಳಿದ 4 ಈ ಯಾವುದರಿಂದ ಬೇಕಾದ್ರೂ ಇಲ್ಲಾ ಬೇರೆ ಭಾಷೆ, ತತ್ವಶಾಸ್ತ್ರ, ತೌಲನಿಕ ಧರ್ಮ ಇವುಗಳಿಂದ. ಡಿವಿಷನ್ 2ಕ್ಕೂ 16ನೇ, ಹಂಚಿಕೆ ಮಾತ್ರ ಬೇರೆ, ಅಲ್ಲಿ ಇಂಗ್ಲಿಷ್ 3, ಗಣಿತ 2 ಸಾಕು, ಆದ್ರೆ ಆ ಮೂರು ವಿಷಯದಲ್ಲಿ ಹೆಚ್ಚುವರಿಯಾಗಿ 3 ಬೇಕು.

ಶಾಲೆಯಲ್ಲಿ ಪಾಠ ಮಾಡಿದ್ರು ಅಂದ ಮಾತ್ರಕ್ಕೆ ಅದು ಕೋರ್ ಕೋರ್ಸ್ ಆಗಲ್ಲ. ಪ್ರತಿ ಹೈಸ್ಕೂಲಿಗೂ ಎನ್‌ಸಿಎಎ ಒಪ್ಪಿದ ಕೋರ್ಸ್‌ಗಳ ಪಟ್ಟಿ ಇರುತ್ತೆ, ಎಲಿಜಿಬಿಲಿಟಿ ಸೆಂಟರ್ (ಅರ್ಹತೆ ನೋಡೋ ಎನ್‌ಸಿಎಎ ಕಚೇರಿ) ಸೈಟಲ್ಲಿ ಶಾಲೆ ಹೆಸರು ಹಾಕಿ ಹುಡುಕಿದ್ರೆ ಸಿಗುತ್ತೆ. ಟ್ರಾನ್ಸ್‌ಕ್ರಿಪ್ಟಲ್ಲಿ (ಶಾಲೆ ಕೊಡೋ ಅಂಕಪಟ್ಟಿ) ಇರೋ ಕೋರ್ಸ್ ಹೆಸರು ಆ ಪಟ್ಟಿಯಲ್ಲಿರೋ ಹೆಸರಿಗೆ ತಾಳೆ ಆಗ್ಬೇಕು. ಒಂಬತ್ತನೇ ಕ್ಲಾಸಲ್ಲೇ ಆ ಪಟ್ಟಿ ಪ್ರಿಂಟ್ ತೆಗೆದು ಮಗಳ ಟೈಮ್‌ಟೇಬಲ್ ಪಕ್ಕದಲ್ಲಿಟ್ಟು ಒಂದೊಂದೇ ಟಿಕ್ ಹಾಕಿ, ಕೌನ್ಸೆಲರ್ ನೋಡ್ಕೋತಾರೆ ಅಂತ ಬಿಡ್ಬೇಡಿ, ಅವರ ತಲೆ ಮೇಲೆ ನೂರಾರು ಮಕ್ಕಳಿರ್ತಾರೆ.

10/7 ಅಂದ್ರೆ ಏನು?

ಡಿವಿಷನ್ 1ರಲ್ಲಿ ಆ 16ರಲ್ಲಿ 10 ಕೋರ್ಸ್ ಏಳನೇ ಸೆಮಿಸ್ಟರ್ ಶುರು ಆಗೋಕೆ ಮುಂಚೆ, ಅಂದ್ರೆ ಹನ್ನೆರಡನೇ ಕ್ಲಾಸಿಗೆ ಕಾಲಿಡೋಕೆ ಮುಂಚೆ ಮುಗ್ದಿರ್ಬೇಕು. ಆ 10ರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದ್ದೇ ಆಗಿರ್ಬೇಕು. ಹನ್ನೆರಡನೇ ಕ್ಲಾಸ್ ಶುರು ಆದ್ಮೇಲೆ ಆ 10ರ ಗ್ರೇಡ್ ಲಾಕ್ ಆಗುತ್ತೆ, ಮತ್ತೆ ಬರೆದು ಒಳ್ಳೆ ಗ್ರೇಡ್ ತಂದ್ರೂ ಲೆಕ್ಕಕ್ಕೆ ತಗೊಳಲ್ಲ. "ಕೊನೆ ವರ್ಷ ಕೂತು ಓದಿ ಸರಿ ಮಾಡ್ಕೋತೀನಿ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಹನ್ನೊಂದನೇ ಕ್ಲಾಸಿನ ಬೇಸಿಗೆ ರಜೆ ಸರಿ ಮಾಡ್ಕೊಳ್ಳೋಕೆ ಇರೋ ಕೊನೇ ಅವಕಾಶ.

ಕೋರ್ ಜಿಪಿಎ ಹೇಗೆ ಲೆಕ್ಕ ಹಾಕ್ತಾರೆ, ಎಷ್ಟು ಬೇಕು?

ಡಿವಿಷನ್ 1ಕ್ಕೆ 2.3, ಡಿವಿಷನ್ 2ಕ್ಕೆ 2.2. ಶಾಲೆ ಕೊಡೋ ಜಿಪಿಎ ಅಲ್ಲ ಇದು, ಕೋರ್ ಕೋರ್ಸ್‌ಗಳದ್ದು ಮಾತ್ರ, ಪಿಟಿ, ಡ್ರಾಯಿಂಗ್, ಬ್ಯಾಂಡ್ ಯಾವ್ದೂ ಬರಲ್ಲ. ಎ ಗೆ 4, ಬಿ ಗೆ 3, ಸಿ ಗೆ 2, ಡಿ ಗೆ 1, ಪ್ಲಸ್ ಮೈನಸ್ ಲೆಕ್ಕಕ್ಕಿಲ್ಲ. ಈಗ ನೋಡಿ, 16 ಕೋರ್ಸಲ್ಲಿ 5 ಬಿ, 11 ಸಿ ಬಂದ್ರೆ 37 ಪಾಯಿಂಟ್, 16ರಿಂದ ಭಾಗಿಸಿದ್ರೆ 2.31, ಪಾಸ್. ಅದೇ 4 ಬಿ, 12 ಸಿ ಆದ್ರೆ 36 ಪಾಯಿಂಟ್, 2.25, ಡಿವಿಷನ್ 1 ಹೋಯ್ತು. ನಾಲ್ಕು ವರ್ಷದಲ್ಲಿ ಒಂದೇ ಒಂದು ಕೋರ್ಸಿನ ಒಂದು ಗ್ರೇಡ್ ವ್ಯತ್ಯಾಸ ಅಷ್ಟೇ. 16ಕ್ಕಿಂತ ಜಾಸ್ತಿ ಕೋರ್ ಕೋರ್ಸ್ ಮಾಡಿದ್ರೆ ಹಂಚಿಕೆಗೆ ಹೊಂದೋ ಒಳ್ಳೆ ಗ್ರೇಡ್‌ಗಳನ್ನೇ ತಗೋತಾರೆ, ಅದಕ್ಕೇ 18 ಅಥವಾ 19 ಮಾಡಿಟ್ಕೊಳ್ಳೋದು ಬುದ್ಧಿವಂತಿಕೆ.

ಎಸ್‌ಎಟಿ, ಎಸಿಟಿ ಬೇಕಾ?

ಎನ್‌ಸಿಎಎ ಅರ್ಹತೆಗೆ ಈ ಪ್ರವೇಶ ಪರೀಕ್ಷೆಗಳು ಬೇಡ, 2023ರ ಜನವರಿಯಲ್ಲಿ ಡಿವಿಷನ್ 1 ಮತ್ತೆ 2 ಎರಡೂ ಅದನ್ನ ತೆಗೆದುಹಾಕಿದ್ವು. ಜಿಪಿಎಗೆ ತಕ್ಕಂಗೆ ಎಷ್ಟು ಸ್ಕೋರ್ ಬೇಕು ಅಂತ ಹೇಳ್ತಿದ್ದ ಹಳೇ ಸ್ಲೈಡಿಂಗ್ ಸ್ಕೇಲ್ ಪಟ್ಟಿ ಇನ್ನೂ ಎಲ್ಲೆಲ್ಲೋ ಓಡಾಡ್ತಿರುತ್ತೆ, ಅದನ್ನ ನಂಬ್ಬೇಡಿ. ಆದ್ರೆ ಕಾಲೇಜಿನ ಅಡ್ಮಿಷನ್‌ನವರು ಸ್ಕೋರ್ ಕೇಳ್ಬಹುದು, ಅದು ಬೇರೆ ವಿಷಯ, ಕಾಲೇಜನ್ನೇ ಕೇಳ್ಕೊಳ್ಳಿ.

2.3 ಬರ್ಲಿಲ್ಲ, 2.1 ಬಂತು. ಬಾಗಿಲು ಮುಚ್ಚಿತಾ?

ಪೂರ್ತಿ ಮುಚ್ಚಿಲ್ಲ. 16 ಕೋರ್ಸ್ ಮುಗಿದು 2.0 ದಾಟಿದ್ರೆ ಡಿವಿಷನ್ 1ರಲ್ಲಿ ಅಕಾಡೆಮಿಕ್ ರೆಡ್‌ಶರ್ಟ್ ಅಂತ ಸೇರ್ಬಹುದು. ಮೊದಲ ವರ್ಷ ಸ್ಕಾಲರ್‌ಶಿಪ್ ಕೊಡ್ಬಹುದು, ಮೊದಲ ಸೆಮಿಸ್ಟರ್ ಪ್ರಾಕ್ಟೀಸ್ ಮಾಡ್ಬಹುದು, ಪಂದ್ಯ ಮಾತ್ರ ಆಡೋ ಹಾಗಿಲ್ಲ. ಆ ಸೆಮಿಸ್ಟರಲ್ಲಿ 9 ಕ್ರೆಡಿಟ್ (ಕೋರ್ಸಿನ ತೂಕ ಅಳೆಯೋ ಲೆಕ್ಕ) ಪಾಸಾದ್ರೆ ಮುಂದಿನ ಸೆಮಿಸ್ಟರೂ ಪ್ರಾಕ್ಟೀಸ್ ಮುಂದುವರಿಸ್ಬಹುದು. ಇದನ್ನ ಅವಮಾನ ಅಂತ ಮನೆಯಲ್ಲಿ ಬೈಬೇಡಿ. ಮೊದಲ ವರ್ಷ ಪ್ರಯಾಣ ಇಲ್ಲದೆ ಓದೋಕೆ ಟೈಮ್ ಸಿಕ್ಕಿ ಆಮೇಲೆ ಚೆನ್ನಾಗಿ ನಿಂತ್ಕೊಂಡ ಮಕ್ಕಳಿದಾರೆ.

ಆನ್‌ಲೈನ್ ಕೋರ್ಸ್ ನಡೆಯುತ್ತಾ?

ನಡೆಯುತ್ತೆ, ಆದ್ರೆ ಪಾಠ ಮಾಡೋರು ಮತ್ತೆ ವಿದ್ಯಾರ್ಥಿ ಮಧ್ಯೆ ನಿಯಮಿತ ಸಂಪರ್ಕ ಇರ್ಬೇಕು, ಆ ಕೋರ್ಸೂ ಒಪ್ಪಿದ ಪಟ್ಟಿಯಲ್ಲಿರ್ಬೇಕು. ಎರಡು ವಾರದಲ್ಲಿ ವಿಡಿಯೋ ನೋಡಿ ಕ್ವಿಜ್ ಬರೆದು ಒಂದು ವರ್ಷದ ಗಣಿತ ಮುಗಿಸೋ ಥರದ್ದಕ್ಕೆ ದುಡ್ಡು ಕೊಡೋಕೆ ಮುಂಚೆ ಪಟ್ಟಿ ನೋಡಿ.

ಇಂಡಿಯಾದಲ್ಲಿ ಓದಿರೋ ಮಕ್ಕಳಿಗೆ?

ಅವರಿಗೂ ಇದೇ ಎಲಿಜಿಬಿಲಿಟಿ ಸೆಂಟರ್, ಇದೇ 16 ಕೋರ್ಸಿನ ಲೆಕ್ಕ. ಒಂಬತ್ತನೇ ಕ್ಲಾಸಿಂದ ಪ್ರತಿ ವರ್ಷದ ಮಾರ್ಕ್ಸ್ ಕಾರ್ಡ್ ಬೇಕು, ಬರೀ ಹತ್ತು ಹನ್ನೆರಡರ ಬೋರ್ಡ್ ಸರ್ಟಿಫಿಕೇಟ್ ಇದ್ರೆ ಸಾಲದು. ಇಂಗ್ಲಿಷಲ್ಲಿಲ್ಲದ ದಾಖಲೆಗೆ ಮೂಲದ ಜೊತೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಕೊಡ್ಬೇಕು. ಮಾರ್ಕ್ಸನ್ನ ಅವರೇ ತಮ್ಮ ಅಳತೆಗೆ ಬದಲಾಯಿಸ್ಕೋತಾರೆ, ನೀವು ಜಿಪಿಎ ಮಾಡಿ ಕಳಿಸೋ ಅಗತ್ಯ ಇಲ್ಲ. ಹಳೇ ಶಾಲೆ ಆಫೀಸಿಂದ ಒಂಬತ್ತನೇ ಕ್ಲಾಸಿನ ಕಾರ್ಡ್ ತೆಗೆಸೋದೇ ದೊಡ್ಡ ಕೆಲಸ ಆಗ್ಬಹುದು, ಅದನ್ನ ಮೊದಲು ಶುರು ಮಾಡಿ.

ಕಾಲೇಜಿಗೆ ಸೇರಿದ್ಮೇಲೆ ಎಷ್ಟು ಕ್ರೆಡಿಟ್ ಮಾಡ್ಬೇಕು?

ಡಿವಿಷನ್ 1ರಲ್ಲಿ ನಾಲ್ಕು ಲೆಕ್ಕ ಒಟ್ಟಿಗೆ ನಡೀತಿರುತ್ತೆ, ಒಂದು ಪಾಸಾಗಿ ಇನ್ನೊಂದು ತಪ್ಪಿದ್ರೂ ಆಟ ನಿಲ್ಲುತ್ತೆ.

ಮೊದಲನೇದು 12. ಪ್ರತಿ ಸೆಮಿಸ್ಟರ್ ಫುಲ್‌ಟೈಮ್, ಅಂದ್ರೆ ಕನಿಷ್ಠ 12 ಕ್ರೆಡಿಟಿಗೆ ಹೆಸರು ನೋಂದಾಯಿಸಿರ್ಬೇಕು. ಸೀಸನ್ ಮಧ್ಯೆ ಒಂದು ಕೋರ್ಸ್ ಡ್ರಾಪ್ ಮಾಡಿ 9ಕ್ಕೆ ಇಳಿದ್ರೆ ಆ ಕ್ಷಣದಿಂದಲೇ ಪ್ರಾಕ್ಟೀಸೂ ಇಲ್ಲ ಪಂದ್ಯಾನೂ ಇಲ್ಲ. ಕೊನೇ ಸೆಮಿಸ್ಟರಲ್ಲಿ ಡಿಗ್ರಿಗೆ ಬೇಕಾಗಿರೋದೇ 12ಕ್ಕಿಂತ ಕಮ್ಮಿ ಇದ್ರೆ ಮಾತ್ರ ವಿನಾಯಿತಿ ಇದೆ. ನಾನಂತೂ ಎಲ್ಲರಿಗೂ 15 ತಗೊಳ್ಳಿ ಅಂತೀನಿ, 12 ತಗೊಂಡ್ರೆ ಒಂದು ಕೋರ್ಸ್ ಕೈ ಕೊಟ್ರೂ ಬಿಡೋಕಾಗಲ್ಲ, ಜೊತೆಗೆ ವರ್ಷಕ್ಕೆ 24 ಮಾಡ್ತಾ ಹೋದ್ರೆ 120 ಕ್ರೆಡಿಟ್ ಡಿಗ್ರಿ ಮುಗಿಯೋಕೆ 5 ವರ್ಷ ಬೇಕು.

ಎರಡನೇದು 6. ಪ್ರತಿ ಸೆಮಿಸ್ಟರ್ ಕನಿಷ್ಠ 6 ಕ್ರೆಡಿಟ್ ಪಾಸ್ ಆಗಿದ್ರೆ ಮುಂದಿನ ಸೆಮಿಸ್ಟರ್ ಆಡ್ಬಹುದು. ಮೂರನೇದು 18, ಫಾಲ್ (ಆಗಸ್ಟ್ ಹೊತ್ತಿಗೆ ಶುರು ಆಗೋದು) ಮತ್ತೆ ಸ್ಪ್ರಿಂಗ್ (ಜನವರಿ ಹೊತ್ತಿಗೆ ಶುರು ಆಗೋದು) ಸೆಮಿಸ್ಟರ್ ಎರಡೂ ಸೇರಿ. ನಾಲ್ಕನೇದು 24, ಎರಡನೇ ವರ್ಷ ಶುರು ಆಗೋಕೆ ಮುಂಚೆ. ಸೆಮಿಸ್ಟರ್ ಬದಲು ಚಿಕ್ಕ ಅವಧಿಗಳಾಗಿ ವರ್ಷ ಹಂಚೋ ಕ್ವಾರ್ಟರ್ ಪದ್ಧತಿ ಇರೋ ಕಾಲೇಜಲ್ಲಿ 18 ಬದಲು 27, 24 ಬದಲು 36.

ಬೇಸಿಗೆ ಕೋರ್ಸಿಂದ ಸರಿ ಮಾಡ್ಕೋಬಹುದಾ?

ಕೆಲವನ್ನ ಮಾತ್ರ. 24ರ ಲೆಕ್ಕಕ್ಕೆ ಬೇಸಿಗೆ ಕ್ರೆಡಿಟ್ ಬರುತ್ತೆ, ಜಿಪಿಎಗೂ, ಕೆಳಗೆ ಹೇಳೋ ಶೇಕಡಾ ಲೆಕ್ಕಕ್ಕೂ ಬರುತ್ತೆ. ಆದ್ರೆ 6 ಮತ್ತೆ 18 ಎರಡೂ ಮಾಮೂಲಿ ಸೆಮಿಸ್ಟರಲ್ಲೇ ಬರ್ಬೇಕು. ಸ್ಪ್ರಿಂಗಲ್ಲಿ 3 ಕ್ರೆಡಿಟ್ ಮಾತ್ರ ಪಾಸಾಗಿ ಬೇಸಿಗೆಯಲ್ಲಿ 12 ಮಾಡಿದ್ರೂ ಫಾಲ್‌ನಲ್ಲಿ ಆಡೋಕಾಗಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಮಕ್ಕಳು ಬೇಸಿಗೆ ಪೂರ್ತಿ ಕಷ್ಟಪಟ್ಟು ಓದಿ ಆಗಸ್ಟಲ್ಲಿ ಅಳೋದನ್ನ ನೋಡಿದ್ರೆ ಹೊಟ್ಟೆಗೆ ಸಂಕಟ ಆಗುತ್ತೆ.

40-60-80 ಅಂತಾರಲ್ಲ, ಅದೇನು?

ಇದೇ ಎಲ್ಲಕ್ಕಿಂತ ಮುಖ್ಯ, ನಿಧಾನವಾಗಿ ಓದಿ. ಮೂರನೇ ವರ್ಷ ಶುರು ಆಗೋ ಹೊತ್ತಿಗೆ ನಿಮ್ಮ ಡಿಗ್ರಿಯ 40%, ನಾಲ್ಕನೇ ವರ್ಷಕ್ಕೆ 60%, ಐದನೇ ವರ್ಷಕ್ಕೆ 80% ಮುಗ್ದಿರ್ಬೇಕು. 2003ರಲ್ಲಿ ಬಂದ ನಿಯಮ, ಅದಕ್ಕೆ ಮುಂಚೆ 25-50-75 ಇತ್ತು. 120 ಕ್ರೆಡಿಟ್ ಡಿಗ್ರಿ ಆದ್ರೆ 48, 72, 96. ನೋಡೋಕೆ ಸುಲಭ ಅನ್ಸುತ್ತೆ ಅಲ್ವಾ, ಎರಡು ವರ್ಷಕ್ಕೆ 48 ಏನು ಮಹಾ ಅಂತ.

ತೊಡಕು ಇರೋದು "ನಿಮ್ಮ ಡಿಗ್ರಿಯ" ಅನ್ನೋದ್ರಲ್ಲಿ. ಮೂರನೇ ವರ್ಷ ಶುರು ಆಗೋ ಹೊತ್ತಿಗೆ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಯಾವ್ದು ಅಂತ ಅಧಿಕೃತವಾಗಿ ಹೇಳಿರ್ಬೇಕು, ಅಲ್ಲಿಂದ ಮುಂದೆ ಆ ಮೇಜರಿಗೆ ಲೆಕ್ಕ ಆಗೋ ಕೋರ್ಸ್ ಮಾತ್ರ ಲೆಕ್ಕ. ನೀವು 70 ಕ್ರೆಡಿಟ್ ಮಾಡಿದ್ರೂ ಅದರಲ್ಲಿ 44 ಮಾತ್ರ ಆ ಡಿಗ್ರಿಗೆ ಸಲ್ಲೋದಾದ್ರೆ ನೀವು 44ರಲ್ಲಿದೀರಿ. ಎಲೆಕ್ಟಿವ್‌ಗೂ (ನಾವೇ ಆರಿಸ್ಕೊಳ್ಳೋ ಕೋರ್ಸ್) ಮಿತಿ ಇದೆ, ಡಿಗ್ರಿಯಲ್ಲಿ 12 ಕ್ರೆಡಿಟ್ ಎಲೆಕ್ಟಿವ್‌ಗೆ ಜಾಗ ಇದ್ರೆ ಹದಿಮೂರನೇ ಕ್ರೆಡಿಟ್ ಟ್ರಾನ್ಸ್‌ಕ್ರಿಪ್ಟಲ್ಲಿ ಇರುತ್ತೆ, ಅರ್ಹತೆ ಲೆಕ್ಕದಲ್ಲಿ ಇರಲ್ಲ. ಮೈನರ್‌ಗೆ (ಮೇಜರ್ ಜೊತೆ ಓದೋ ಎರಡನೇ ವಿಷಯ) ಅಂತ ತಗೊಂಡ ಕೋರ್ಸೂ ಹಂಗೇ, ಮೇಜರ್ ಡಿಗ್ರಿಯೊಳಗೆ ಎಲ್ಲಾದ್ರೂ ಜಾಗ ಇದ್ರೆ ಸರಿ, ಇಲ್ಲಾಂದ್ರೆ ಇಲ್ಲ.

ಹಾಗಾದ್ರೆ ಮೇಜರ್ ಬದಲಾಯಿಸೋಕೆ ಆಗಲ್ವಾ?

ಆಗುತ್ತೆ, ಯಾವಾಗ ಅನ್ನೋದೇ ಪ್ರಶ್ನೆ. ಒಂದು ಉದಾಹರಣೆ ಪೂರ್ತಿ ಬಿಡಿಸಿ ಹೇಳ್ತೀನಿ. ಈಜೋ ಹುಡುಗಿ ಒಬ್ಬಳು, ಬಯಾಲಜಿ ಮೇಜರ್, ಎರಡು ವರ್ಷದಲ್ಲಿ 60 ಕ್ರೆಡಿಟ್, ಜಿಪಿಎ 3.6 ಅಂತ ಇಟ್ಕೊಳ್ಳಿ. ಅವಳಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಡೋ ಆಸೆ ಬಂತು, ಆ ಡಿಗ್ರಿ 128 ಕ್ರೆಡಿಟ್, ಅದರ 40% ಅಂದ್ರೆ 52. ಈಗ ಅವಳ 60ನ್ನ ಹೊಸ ಡಿಗ್ರಿ ಆಡಿಟ್ (ಡಿಗ್ರಿಗೆ ಯಾವ ಕೋರ್ಸ್ ಸಲ್ಲಿದೆ, ಯಾವ್ದು ಬಾಕಿ ಅಂತ ತೋರಿಸೋ ಹಾಳೆ) ಮೇಲೆ ಇಡೋಣ. ಕ್ಯಾಲ್ಕುಲಸ್ ಎರಡು ಕೋರ್ಸ್ 8, ಕೆಮಿಸ್ಟ್ರಿ 4, ಫಿಸಿಕ್ಸ್ 4, ಇಂಗ್ಲಿಷ್ 6, ಜನರಲ್ ಎಜುಕೇಶನ್ 15, ಒಟ್ಟು 37. ಜೆನೆಟಿಕ್ಸ್, ಸೆಲ್ ಬಯಾಲಜಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಇಕಾಲಜಿ ಎಲ್ಲಾ ಸೇರಿದ 23 ಕ್ರೆಡಿಟಿಗೆ ಅಲ್ಲಿ ಜಾಗವೇ ಇಲ್ಲ. 52ಕ್ಕೆ 15 ಕಮ್ಮಿ. ಒಂದು ಬೇಸಿಗೆಯಲ್ಲಿ 15 ಕ್ರೆಡಿಟ್ ಎಂಜಿನಿಯರಿಂಗ್ ಕೋರ್ಸ್ ಮಾಡೋದು ಮನುಷ್ಯರಿಂದ ಆಗೋ ಕೆಲಸ ಅಲ್ಲ. 3.6 ಜಿಪಿಎ ಇಟ್ಕೊಂಡು ಅವಳು ಆ ವರ್ಷ ಪೂಲ್ ಪಕ್ಕ ಕೂತ್ಕೊಂಡು ನೋಡ್ಬೇಕು.

ಅದೇ ಹುಡುಗಿ ಮೊದಲ ವರ್ಷದ ಕೊನೆಗೇ ಮನಸ್ಸು ಬದಲಾಯಿಸಿದ್ರೆ ಎರಡನೇ ವರ್ಷದ 30 ಕ್ರೆಡಿಟ್ ಪೂರ್ತಿ ಹೊಸ ಡಿಗ್ರಿಗೆ ಹೋಗ್ತಿತ್ತು, ಆರಾಮಾಗಿ 52 ದಾಟ್ತಿದ್ದಳು. ಅದಕ್ಕೇ ನಾನು ಹೇಳೋದು, ಮೊದಲ ವರ್ಷದಲ್ಲೇ ಅತಿ ಕಷ್ಟದ ಮೇಜರ್ ಕಡೆಯಿಂದ ಶುರು ಮಾಡಿ. ಎಂಜಿನಿಯರಿಂಗಿಗೆ ಮಾಡಿದ ಗಣಿತ ವಿಜ್ಞಾನಕ್ಕೆ ಬಿಸಿನೆಸ್ಸಲ್ಲೋ ಸೈಕಾಲಜಿಯಲ್ಲೋ ಒಂದು ಜಾಗ ಹುಡುಕ್ಬಹುದು, ಉಲ್ಟಾ ಹೋಗೋದು ಬಹಳ ಕಷ್ಟ.

ಇನ್ನೊಂದು ಮಾತು. ಈ ನಿಯಮದ ಭಯಕ್ಕೆ ಕೆಲವರು ಮಕ್ಕಳನ್ನ ಬೇಗ ಮುಗಿಯೋ, ಎಲ್ಲ ಕ್ರೆಡಿಟ್ ನುಂಗೋ ಒಂದು ಮೇಜರಿಗೆ ದೂಡ್ತಾರೆ, ತಂಡದಲ್ಲಿ ಅರ್ಧಕ್ಕರ್ಧ ಒಂದೇ ಮೇಜರಲ್ಲಿ ಇರ್ತಾರೆ. ನನಗೆ ಅದು ಸ್ವಲ್ಪವೂ ಸರಿ ಕಾಣಲ್ಲ. ಆಟ ನಾಲ್ಕು ವರ್ಷ, ಡಿಗ್ರಿ ನಲವತ್ತು ವರ್ಷ ಜೊತೆಗಿರುತ್ತೆ. ಒಂದು ಸೀಸನ್ ಕಳ್ಕೊಂಡ್ರೂ ಪರವಾಗಿಲ್ಲ ನನಗೆ ಆ ಮೇಜರೇ ಬೇಕು ಅಂತ ಮಗು ಹೇಳಿದ್ರೆ ಅದನ್ನ ಕೇಳಿ.

ಡಿ ಗ್ರೇಡ್ ಬಂದ್ರೆ ಕ್ರೆಡಿಟ್ ಲೆಕ್ಕಕ್ಕೆ ಬರುತ್ತಾ?

ಡಿಗ್ರಿ ಏನು ಕೇಳುತ್ತೆ ಅನ್ನೋದ್ರ ಮೇಲೆ. ಅಕೌಂಟಿಂಗ್ ಮೇಜರಿಗೆ ಆ ಕೋರ್ಸಲ್ಲಿ ಸಿ ಬೇಕು ಅಂತಿದ್ದು ಡಿ ಬಂದ್ರೆ ಆ ಕ್ರೆಡಿಟ್ ಡಿಗ್ರಿಗೆ ಸಲ್ಲಲ್ಲ, ಶೇಕಡಾ ಲೆಕ್ಕಕ್ಕೂ ಬರಲ್ಲ. ಪಾಸಾದ ಕೋರ್ಸನ್ನೇ ಮತ್ತೆ ತಗೊಂಡ್ರೆ ಕ್ರೆಡಿಟ್ ಒಂದೇ ಸಲ. ಜಿಪಿಎ ಏರಿಸೋಕೆ ಅಂತ ಒಂದೇ ಸೆಮಿಸ್ಟರಲ್ಲಿ ಎರಡು ಹಳೇ ಕೋರ್ಸ್ ಮತ್ತೆ ತಗೊಂಡವರಿಗೆ 12ರಲ್ಲಿ 6 ಮಾತ್ರ ಹೊಸ ಕ್ರೆಡಿಟ್ ಸಿಗುತ್ತೆ, 18 ತಲುಪೋಕೆ ಇನ್ನೊಂದು ಸೆಮಿಸ್ಟರಲ್ಲಿ 12 ಪೂರ್ತಿ ಪಾಸ್ ಆಗ್ಲೇಬೇಕು.

ಕಾಲೇಜಲ್ಲಿ ಜಿಪಿಎ ಎಷ್ಟಿರ್ಬೇಕು?

ಡಿಗ್ರಿ ಪಡೆಯೋಕೆ ಕಾಲೇಜು ಕೇಳೋ ಜಿಪಿಎ 2.0 ಇದ್ರೆ ಎರಡನೇ ವರ್ಷಕ್ಕೆ ಅದರ 90%, ಅಂದ್ರೆ 1.8, ಮೂರನೇ ವರ್ಷಕ್ಕೆ 95%, ಅಂದ್ರೆ 1.9, ನಾಲ್ಕನೇ ವರ್ಷದಿಂದ ಪೂರ್ತಿ 2.0. ಕಾಲೇಜಿನ ಪ್ರೊಬೇಶನ್ (ಗ್ರೇಡ್ ಕಮ್ಮಿ ಆದ್ರೆ ಕೊಡೋ ಎಚ್ಚರಿಕೆ) ನಿಯಮ ಇದಕ್ಕಿಂತ ಬಿಗಿಯಾಗಿದ್ರೆ ಅದೇ ಮೊದಲು ಹಿಡಿಯುತ್ತೆ.

ಕೆಲವು ಆಟಕ್ಕೆ ಬೇರೆ ನಿಯಮ ಇದೆಯಂತೆ?

ಹೌದು. ಡಿವಿಷನ್ 1 ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫಾಲ್ ಸೆಮಿಸ್ಟರಲ್ಲಿ 6 ಸಾಲದು, 9 ಕ್ರೆಡಿಟ್ ಬೇಕು. ಬರದಿದ್ರೆ ಮುಂದಿನ ಸೀಸನ್‌ನ ಮೊದಲ 4 ಪಂದ್ಯ ಇಲ್ಲ. ಮುಂದಿನ ಫಾಲ್ ಒಳಗೆ 27 ಕ್ರೆಡಿಟ್ ಮುಗಿಸಿದ್ರೆ ಅದರಲ್ಲಿ ಎರಡು ಪಂದ್ಯ ವಾಪಸ್ ಸಿಗುತ್ತೆ. ಬೇಸ್‌ಬಾಲ್ ಆಡೋರು ಫಾಲ್ ಶುರುವಲ್ಲೇ ಅರ್ಹರಾಗಿರ್ಬೇಕು, ಆಟ ಇರೋದು ಸ್ಪ್ರಿಂಗಲ್ಲಿ, ಅಷ್ಟರಲ್ಲಿ ಸರಿ ಮಾಡ್ಕೋತೀನಿ ಅಂದ್ರೆ ಆಗಲ್ಲ.

ಡಿವಿಷನ್ 2, 3ರಲ್ಲಿ ಸುಲಭನಾ?

ಡಿವಿಷನ್ 2ರಲ್ಲಿ 40-60-80 ಇಲ್ಲ, ಆದ್ರೆ ಪ್ರತಿ ಸೆಮಿಸ್ಟರ್ 9 ಕ್ರೆಡಿಟ್, ವರ್ಷಕ್ಕೆ 24 (ಅದರಲ್ಲಿ 18 ಮಾಮೂಲಿ ಸೆಮಿಸ್ಟರಲ್ಲಿ), ಜಿಪಿಎ ಮೊದಲಿಂದಲೇ 2.0. ಮೂರನೇ ವರ್ಷಕ್ಕೆ ಮೇಜರ್ ಹೇಳೋದು ಅಲ್ಲೂ ಇದೆ. ಡಿವಿಷನ್ 3ರಲ್ಲಿ ಆಟದ ಸ್ಕಾಲರ್‌ಶಿಪ್ ಇಲ್ಲ, ರಾಷ್ಟ್ರ ಮಟ್ಟದ ಕ್ರೆಡಿಟ್ ಲೆಕ್ಕಾನೂ ಇಲ್ಲ, ಫುಲ್‌ಟೈಮ್ ಓದ್ತಾ ಕಾಲೇಜಿನ ಮಟ್ಟಕ್ಕೆ ತಕ್ಕಂಗೆ ಮುಂದುವರೀತಿದ್ರೆ ಸಾಕು. ಲ್ಯಾಬ್ ಜಾಸ್ತಿ ಇರೋ ಮೇಜರ್ ಬೇಕು, ಆಟಾನೂ ಬಿಡೋಕೆ ಮನಸ್ಸಿಲ್ಲ ಅನ್ನೋ ಮಕ್ಕಳು ಡಿವಿಷನ್ 3 ಕಡೆ ಖಂಡಿತ ನೋಡ್ಬೇಕು, ಅದನ್ನ ಕೀಳು ಅಂತ ಅಂದ್ಕೊಳ್ಳೋರ ಮಾತಿಗೆ ಬೆಲೆ ಕೊಡ್ಬೇಡಿ.

ಬೇರೆ ಕಾಲೇಜಿಗೆ ಹೋದ್ರೆ ಕ್ರೆಡಿಟ್ ಏನಾಗುತ್ತೆ?

2024ರಿಂದ ಡಿವಿಷನ್ 1ರಲ್ಲಿ ಎಷ್ಟು ಸಲ ಟ್ರಾನ್ಸ್‌ಫರ್ ಆದ್ರೂ ಓದಿನ ಅರ್ಹತೆ ಇದ್ರೆ ತಕ್ಷಣ ಆಡ್ಬಹುದು. ಎಲ್ಲರೂ ಮೊದಲ ಅರ್ಧ ಕೇಳಿಸ್ಕೊಂಡು ಓಡ್ತಾರೆ. ಹೊಸ ಕಾಲೇಜಿನ ಡಿಗ್ರಿ ಲೆಕ್ಕದಲ್ಲಿ 40 ಅಥವಾ 60% ಇರ್ಬೇಕು, ಹಳೇ ಕಾಲೇಜಿಂದು ಅಲ್ಲ. ಅವರು ಎಷ್ಟು ಕ್ರೆಡಿಟ್ ಒಪ್ತಾರೆ, ಒಪ್ಪಿದ್ದರಲ್ಲಿ ಎಷ್ಟು ಮೇಜರಿಗೆ ಸಲ್ಲುತ್ತೆ, ಇವೆರಡೂ ಬೇರೆ ಬೇರೆ ಪ್ರಶ್ನೆ. ಎರಡು ಸಲ ಮೂರು ಸಲ ಕಾಲೇಜು ಬದಲಾಯಿಸಿದ ಮಕ್ಕಳ ಹತ್ರ ನೂರು ಕ್ರೆಡಿಟ್ ಇರುತ್ತೆ, ಡಿಗ್ರಿ ಮಾತ್ರ ಕಣ್ಣಳತೆಯಲ್ಲೂ ಇರಲ್ಲ. ಟ್ರಾನ್ಸ್‌ಫರ್ ಪೋರ್ಟಲಲ್ಲಿ (ಕಾಲೇಜು ಬದಲಾಯಿಸೋರ ಆನ್‌ಲೈನ್ ಪಟ್ಟಿ) ಹೆಸರು ಹಾಕೋಕೆ ಮುಂಚೆ ನಿಮ್ಮ ಟ್ರಾನ್ಸ್‌ಕ್ರಿಪ್ಟ್ ಕೈಯಲ್ಲಿಟ್ಕೊಳ್ಳಿ, ಹೊಸ ಕಾಲೇಜು ಕರೆದಾಗ ಕೋಚ್ ಜೊತೆ ಮಾತಾಡೋ ದಿನಾನೇ ಅಲ್ಲಿನ ಅಕಾಡೆಮಿಕ್ ಅಡ್ವೈಸರ್ ಹತ್ರಾನೂ ಮಾತಾಡ್ಬೇಕು ಅಂತ ಕೇಳಿ.

ಕಮ್ಯುನಿಟಿ ಕಾಲೇಜಿಂದ ಡಿವಿಷನ್ 1ಕ್ಕೆ ಬರೋರಿಗೆ ವರ್ಗಾವಣೆ ಆಗೋ ಕೋರ್ಸ್‌ಗಳಲ್ಲಿ 2.5 ಜಿಪಿಎ ಬೇಕು. ಹೈಸ್ಕೂಲ್ ಮುಗಿದಾಗ ಅರ್ಹತೆ ಸಿಗದೆ ಹೋದವರು ಅಲ್ಲಿ ಪದವಿ ಮುಗಿಸಿ, ಇಂಗ್ಲಿಷ್ 6, ಗಣಿತ 3, ವಿಜ್ಞಾನ 3 ಕ್ರೆಡಿಟ್ ಮಾಡಿರ್ಬೇಕು. ಆಟದ ಮೈದಾನದ ಪಿಇ ಕೋರ್ಸ್‌ಗಳಿಂದ 2 ಕ್ರೆಡಿಟ್‌ಗಿಂತ ಜಾಸ್ತಿ ತಗೊಳಲ್ಲ.

ಪ್ರಾಕ್ಟೀಸ್ ಹೊತ್ತಿಗೇ ಲ್ಯಾಬ್ ಇದೆ. ಏನು ಮಾಡೋದು?

ಲ್ಯಾಬಿಗೆ ಹೋಗ್ಬೇಕು. ಹೊರ ಊರಿನ ಪಂದ್ಯಕ್ಕೆ ಹೋಗಿರೋವಾಗ ಬಿಟ್ರೆ ಪ್ರಾಕ್ಟೀಸಿಗೋಸ್ಕರ ಕ್ಲಾಸ್ ತಪ್ಪಿಸೋ ಹಾಗಿಲ್ಲ ಅಂತ ಎನ್‌ಸಿಎಎ ನಿಯಮವೇ ಇದೆ. ಸೀಸನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ, ವಾರಕ್ಕೊಂದು ದಿನ ರಜೆ. ಆದ್ರೆ ಪ್ರಯಾಣ, ಫಿಸಿಯೋ, ಐಸ್ ಬಾತ್ ಇದ್ಯಾವುದೂ ಆ 20ರಲ್ಲಿ ಇಲ್ಲ, ಅದೆಲ್ಲ ಸೇರಿದ್ರೆ ಒಂದು ಪೂರ್ತಿ ಕೆಲಸದಷ್ಟಾಗುತ್ತೆ. ಮಧ್ಯಾಹ್ನದ ಲ್ಯಾಬ್‌ಗಳನ್ನ ಸೀಸನ್ ಇಲ್ಲದ ಸೆಮಿಸ್ಟರಿಗೆ ಇಟ್ಕೊಳ್ಳಿ. ಒಂದೇ ಸೆಕ್ಷನ್ ಇದ್ರೆ ರಿಜಿಸ್ಟ್ರೇಶನ್‌ಗೆ ಮುಂಚೆಯೇ ಕೋಚ್‌ಗೆ ಇಮೇಲಲ್ಲಿ ತಿಳಿಸಿ, ಬಾಯಲ್ಲಿ ಹೇಳಿದ್ದು ಅಕ್ಟೋಬರಲ್ಲಿ ಯಾರಿಗೂ ನೆನಪಿರಲ್ಲ. "ಆ ಮೇಜರ್ ಬೇಡ ಬಿಡು" ಅಂತ ಕೋಚ್ ಹೇಳಿದ್ರೆ ಫ್ಯಾಕಲ್ಟಿ ಅಥ್ಲೆಟಿಕ್ಸ್ ರೆಪ್ರೆಸೆಂಟೇಟಿವ್ ಅಂತ ಒಬ್ಬ ಪ್ರೊಫೆಸರ್ ಪ್ರತಿ ಎನ್‌ಸಿಎಎ ಕಾಲೇಜಲ್ಲೂ ಇರ್ತಾರೆ, ಅವರ ಹತ್ರ ಹೋಗಿ.

ಸುಲಭದ ಕೋರ್ಸ್ ತಗೊಂಡ್ರೆ ತಪ್ಪಾ?

ಭಾರದ ಸೀಸನಲ್ಲಿ ಒಂದು ಹಗುರ ಕೋರ್ಸ್ ತಗೊಳ್ಳೋದು ತಪ್ಪಲ್ಲ. ಏನೂ ಕಲಿಸದ ಕೋರ್ಸ್ ತಗೊಳ್ಳೋದು ಮಗುವಿಗೆ ಮೋಸ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸಲ್ಲಿ ಏನಾಯ್ತು ನೋಡಿ. 1993ರಿಂದ 2011ರವರೆಗೆ ತರಗತಿಯೇ ನಡೆಯದ, ಒಂದು ಪೇಪರ್ ಬರೆದುಕೊಟ್ರೆ ಗ್ರೇಡ್ ಸಿಗ್ತಿದ್ದ ಕೋರ್ಸ್‌ಗಳನ್ನ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಗೊಂಡಿದ್ರು ಅಂತ 2014ರ ತನಿಖಾ ವರದಿ ಹೇಳ್ತು, ಅವರಲ್ಲಿ ಆಟಗಾರರು ತುಂಬಾ ಇದ್ರು. 2017ರಲ್ಲಿ ಎನ್‌ಸಿಎಎ ಶಿಕ್ಷೆ ಕೊಡೋಕಾಗಲ್ಲ ಅಂತು, ಯಾಕಂದ್ರೆ ಆ ಕೋರ್ಸ್ ಬೇರೆ ವಿದ್ಯಾರ್ಥಿಗಳಿಗೂ ತೆರೆದಿತ್ತು. ತಂಡಕ್ಕೆ ಏನೂ ಆಗ್ಲಿಲ್ಲ. ಆ ಕೋರ್ಸಲ್ಲಿ ಕೂತವರಿಗೆ ಕಲಿಯೋ ಅವಕಾಶ ಹೋಯ್ತು, ಅದನ್ನ ಯಾರೂ ವಾಪಸ್ ಕೊಡಲ್ಲ.

ಟ್ಯೂಟರ್ ಎಷ್ಟು ಸಹಾಯ ಮಾಡ್ಬಹುದು?

ವಿವರಿಸ್ಬಹುದು, ತಪ್ಪು ಎಲ್ಲಿದೆ ಅಂತ ತೋರಿಸ್ಬಹುದು. ಕೀಬೋರ್ಡ್ ಅವರ ಕೈಗೆ ಹೋಗ್ಬಾರ್ದು. ಎಐ ಬಳಕೆಗೂ ಪ್ರತಿ ಕೋರ್ಸಿನ ಸಿಲಬಸಲ್ಲಿ ಏನು ಬರೆದಿದೆಯೋ ಅದೇ ನಿಯಮ.

ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರೋರಿಗೆ ಬೇರೆ ಏನಾದ್ರೂ ಇದೆಯಾ?

ಇದೆ. ವೀಸಾಕ್ಕೂ ಫುಲ್‌ಟೈಮ್ ಬೇಕು, ಆ ಲೆಕ್ಕಕ್ಕೆ ಒಂದು ಸೆಮಿಸ್ಟರಲ್ಲಿ ಒಂದೇ ಆನ್‌ಲೈನ್ ಕೋರ್ಸ್, ಹೆಚ್ಚಂದ್ರೆ 3 ಕ್ರೆಡಿಟ್, ಸೇರಿಸ್ಬಹುದು. ತಂಡದ ಬೇರೆ ಮಕ್ಕಳು ಪ್ರಯಾಣದ ಸೆಮಿಸ್ಟರಲ್ಲಿ ಮೂರು ನಾಲ್ಕು ಆನ್‌ಲೈನ್ ಕೋರ್ಸ್ ತಗೋತಾರೆ, ಅವರನ್ನ ನೋಡಿ ನೀವು ಹಾಗೆ ಮಾಡ್ಬೇಡಿ, ಆಟದ ಜೊತೆ ವೀಸಾನೂ ಹೋಗುತ್ತೆ. ಕೋರ್ಸ್ ಡ್ರಾಪ್ ಮಾಡಿ 12ಕ್ಕಿಂತ ಕೆಳಗೆ ಹೋಗೋ ಪರಿಸ್ಥಿತಿ ಬಂದ್ರೆ ಮೊದಲು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ (ವಿದ್ಯಾರ್ಥಿ ವೀಸಾ ನೋಡ್ಕೊಳ್ಳೋ ಅಧಿಕಾರಿ) ಅನುಮತಿ, ಆಮೇಲೆ ಡ್ರಾಪ್. ಹೆಸರು ಮುಖ ಬಳಸಿ ದುಡ್ಡು ಬರೋ ಎನ್‌ಐಎಲ್ ಒಪ್ಪಂದ ಯಾರಾದ್ರೂ ತಂದ್ರೂ ಸಹಿ ಹಾಕೋಕೆ ಮುಂಚೆ ವಲಸೆ ಕಾನೂನು ಗೊತ್ತಿರೋ ವಕೀಲರಿಗೆ ತೋರಿಸಿ.

ಎಪಿಆರ್ ಅಂತ ಕೋಚ್ ಹೇಳ್ತಿರ್ತಾರೆ, ನಮಗೇನು ಸಂಬಂಧ?

ಎಪಿಆರ್ ಅಂದ್ರೆ ತಂಡದ ಓದಿನ ಪ್ರಗತಿಗೆ ಎನ್‌ಸಿಎಎ ಹಾಕೋ ಅಂಕ. ಸ್ಕಾಲರ್‌ಶಿಪ್ ಇರೋ ಪ್ರತಿ ಆಟಗಾರ ಪ್ರತಿ ಸೆಮಿಸ್ಟರ್ ಅರ್ಹನಾಗಿ ಉಳಿದ್ರೆ ಒಂದು, ಕಾಲೇಜಲ್ಲಿ ಉಳಿದ್ರೆ ಒಂದು ಪಾಯಿಂಟ್. ತಂಡದ ಒಟ್ಟು ಲೆಕ್ಕ 1000ಕ್ಕೆ ಮಾಡ್ತಾರೆ, ನಾಲ್ಕು ವರ್ಷದ ಸರಾಸರಿ 930ಕ್ಕಿಂತ ಇಳಿದ್ರೆ ಪೋಸ್ಟ್‌ಸೀಸನ್ (ಸೀಸನ್ ಕೊನೆಯ ಟೂರ್ನಮೆಂಟ್) ಇಲ್ಲ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2013ರಲ್ಲಿ ಇದೇ ಕಾರಣಕ್ಕೆ ಟೂರ್ನಮೆಂಟ್ ಆಡ್ಲಿಲ್ಲ, ಮರುವರ್ಷ ವಾಪಸ್ ಬಂದು ಚಾಂಪಿಯನ್ ಆಯ್ತು. ಕೋಚ್ ನಿಮ್ಮ ಗ್ರೇಡ್ ಬಗ್ಗೆ ಯಾಕೆ ಅಷ್ಟು ವಿಚಾರಿಸ್ತಾರೆ ಅನ್ನೋದಕ್ಕೆ ಇದೂ ಒಂದು ಕಾರಣ.

ಅರ್ಹತೆ ತಪ್ಪಿದ್ರೆ ಸ್ಕಾಲರ್‌ಶಿಪ್ ಹೋಗುತ್ತಾ?

ತಾನಾಗೇ ಹೋಗಲ್ಲ, ಆದ್ರೆ ಕಡಿಮೆ ಮಾಡೋಕೆ ಅಥವಾ ರದ್ದು ಮಾಡೋಕೆ ಕಾಲೇಜಿಗೆ ಅವಕಾಶ ಇದೆ. ರದ್ದು ಮಾಡಿದ್ರೆ ನಿಮಗೆ ಅಪೀಲ್ ಮಾಡೋ ಹಕ್ಕಿದೆ, ಆ ಅಪೀಲ್ ಕೇಳೋದು ಅಥ್ಲೆಟಿಕ್ಸ್ ವಿಭಾಗ ಅಲ್ಲ, ಅದರ ಹೊರಗಿನ ಸಮಿತಿ. ಕಾಯಿಲೆ, ಮನೆಯಲ್ಲಿ ಸಾವು, ಕಲಿಕೆಯ ತೊಂದರೆ ಇಂಥ ಕಾರಣ ಇದ್ರೆ ವೇವರ್‌ಗೂ (ನಿಯಮದಿಂದ ವಿನಾಯಿತಿ) ಅರ್ಜಿ ಹಾಕ್ಬಹುದು, ಡಾಕ್ಟರ್ ಪತ್ರ, ತಾರೀಕು, ಪ್ರೊಫೆಸರ್ ಇಮೇಲ್ ಎಲ್ಲ ಆಗಿಂದಾಗ್ಲೇ ಎತ್ತಿಟ್ಕೊಂಡಿರ್ಬೇಕು.

ಕೊನೆಗೆ ಯಾರ ಮಾತು ಕೇಳ್ಬೇಕು?

ತಂಡದ ಗೆಳೆಯರದ್ದಲ್ಲ, ಅಸಿಸ್ಟೆಂಟ್ ಕೋಚ್‌ದೂ ಅಲ್ಲ. ಅರ್ಹತೆ ಅಧಿಕೃತವಾಗಿ ನೋಡೋದು ಕಂಪ್ಲೈಯನ್ಸ್ ಆಫೀಸು (ನಿಯಮ ಪಾಲನೆ ನೋಡೋ ಕಚೇರಿ) ಮತ್ತೆ ರಿಜಿಸ್ಟ್ರಾರ್. ಅಥ್ಲೆಟಿಕ್ಸ್ ಅಡ್ವೈಸರ್ ಒಬ್ಬರು, ಮೇಜರ್ ವಿಭಾಗದ ಅಡ್ವೈಸರ್ ಇನ್ನೊಬ್ಬರು ಇರ್ತಾರೆ, ಇಬ್ಬರನ್ನೂ ನೋಡಿ, ಮೊದಲನೆಯವರಿಗೆ ಎನ್‌ಸಿಎಎ ನಿಯಮ ಗೊತ್ತು, ಎರಡನೆಯವರಿಗೆ ಆ ಕೋರ್ಸ್ ವರ್ಷಕ್ಕೆ ಒಂದೇ ಸಲ ನಡೆಯುತ್ತೆ ಅನ್ನೋದು ಗೊತ್ತು. ಪ್ರತಿ ಸೆಮಿಸ್ಟರ್ ರಿಜಿಸ್ಟ್ರೇಶನ್‌ಗೆ ಎರಡು ವಾರ ಮುಂಚೆ ಡಿಗ್ರಿ ಆಡಿಟ್ ಡೌನ್‌ಲೋಡ್ ಮಾಡಿ, "ಡಿಗ್ರಿಗೆ ಸಲ್ಲೋ ಕ್ರೆಡಿಟ್" ಅನ್ನೋ ಸಂಖ್ಯೆಗೆ ಪೆನ್ನಲ್ಲಿ ಸುತ್ತು ಹಾಕಿ, ಒಟ್ಟು ಕ್ರೆಡಿಟ್ ಸಂಖ್ಯೆಗಲ್ಲ. ಆ ಹಾಳೆ ಹಿಡ್ಕೊಂಡು ಹೋಗಿ "ಮುಂದಿನ ಆಗಸ್ಟಲ್ಲಿ ನನ್ನದು ಎಷ್ಟು ಪರ್ಸೆಂಟ್ ಆಗಿರುತ್ತೆ?" ಅಂತ ಕೇಳಿ, ಅವರು ಹೇಳಿದ ಉತ್ತರವನ್ನ ಅವತ್ತೇ ಇಮೇಲಲ್ಲಿ ಬರೆಸ್ಕೊಳ್ಳಿ.